ಹತ್ತೊಂಬತ್ತನೆಯ ನಿಯಮ

ಮಕ್ಕಳ ಕಾರ್ಟೂನಿನಲ್ಲಿ ಯಾರೂ ಸಾಯಬಾರದು ಎಂಬ ನಿಯಮ ಬರೆದವಳು ನಾನೇ. ಸಂಖ್ಯೆ ಹತ್ತೊಂಬತ್ತು. ಬರೆದ ದಿನ ಸ್ಟುಡಿಯೋದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಯಾರೋ ಪೇಡೆ ತರಿಸಿದ್ದರು. ಈಗ ಯಾರು ಪೇಡೆ ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ.

ನನ್ನ ಹೆಸರು ಸಿಂಚನಾ ಅಂಗಡಿ. ಹುಬ್ಬಳ್ಳಿಯ ಸ್ಟುಡಿಯೋ ಒಂದರಲ್ಲಿ ಕಥೆಗೆ ನಿಯಮ ಬರೆಯುವುದು ನನ್ನ ಕೆಲಸ. ಕಥೆಯನ್ನೇ ಬರೆಯುವುದು ಯಂತ್ರ. ಅದನ್ನು ನಾವು ಸೂತ್ರಧಾರ ಎಂದು ಕರೆಯುತ್ತೇವೆ. ಆರು ವರ್ಷದ ಹಿಂದೆ ಒಂದು ಮೀಟಿಂಗಿನಲ್ಲಿ ಒಂದು ಪ್ರಶ್ನೆ ಎದ್ದಿತು: ಎಲ್ಲ ಮಕ್ಕಳಿಗೂ ಒಂದೇ ಕಾರ್ಟೂನು ತೋರಿಸುವ ಬದಲು, ಪ್ರತಿ ಮಗುವಿಗೂ ಅದರದೇ ಓಣಿಯ ಕಾರ್ಟೂನು ಕೊಟ್ಟರೆ ಹೇಗೆ? ಅದರದೇ ಪಕ್ಕದ ಮನೆ, ಅದರದೇ ಗೆಳೆಯರು, ಅದರದೇ ನಲ್ಲಿಕಟ್ಟೆ. ಹಾಗೆ ಹುಟ್ಟಿದ್ದು ‘ಓಣಿ ಗೆಳೆಯರು’.

ತಂದೆತಾಯಿ ಒಂದು ಫಾರ್ಮು ತುಂಬಿ, ಮಗುವಿನ ನಾಲ್ಕು ಫೋಟೋ ಮತ್ತು ಒಂದು ಗಂಟೆಯ ಮಾತಿನ ರೆಕಾರ್ಡಿಂಗ್ ಕೊಡಬೇಕು. ಓಣಿಯ ಎಲ್ಲ ಮನೆಯವರೂ ಕೊಟ್ಟರೆ ಸೂತ್ರಧಾರ ಇಡೀ ಓಣಿಯನ್ನು ಬಿಡಿಸಿಕೊಳ್ಳುತ್ತದೆ. ಮಕ್ಕಳು ಅದನ್ನು ನೋಡುವುದು ಮಡಚಿಡುವ ಒಂದು ತೆಳ್ಳನೆಯ ಪರದೆಯ ಮೇಲೆ. ನಮ್ಮ ಕಡೆ ಅದಕ್ಕೆ ಪಾಟಿ ಎಂದೇ ಹೆಸರು ಬಿದ್ದಿದೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಪಾಟಿ ತೆರೆಯುತ್ತದೆ, ಮೂರೂವರೆಗೆ ಮುಚ್ಚುತ್ತದೆ. ಅದಕ್ಕೆ ಫೋನು ಹೋಗುವುದಿಲ್ಲ. ಅದು ಎಲ್ಲಿದೆ ಎಂದು ಹೆತ್ತವರಿಗೂ ತಿಳಿಯಬಾರದೆಂದು ಕಾನೂನೇ ಇದೆ. ಆದರೆ ಮಗು ಮಾತಾಡಿದರೆ ಪರದೆಯೊಳಗಿನ ಗೆಳೆಯ ಗೆಳೆಯನದೇ ದನಿಯಲ್ಲಿ ಉತ್ತರ ಕೊಡುತ್ತಾನೆ.

ಇಂಥ ಯಂತ್ರಕ್ಕೆ ಲಗಾಮು ಬೇಕಲ್ಲ, ಅದಕ್ಕೆ ನಲವತ್ತೊಂದು ನಿಯಮ. ಕಂತು ಮುಗಿಯುವಾಗ ಎಲ್ಲವೂ ಮೊದಲಿನಂತಾಗಿರಬೇಕು, ಟೂ ಬಿಟ್ಟವರು ಮತ್ತೆ ಮಾತಾಡಿರಬೇಕು. ಯಾರೂ ಯಾರನ್ನೂ ಹೆದರಿಸಬಾರದು, ಬೇಡ ಎನ್ನಬಾರದು. ಬೇಡ ಎನ್ನುವ ಬದಲು ಇನ್ನೊಂದು ಆಟ ತೋರಿಸಬೇಕು. ಪ್ರತಿ ಕಂತೂ ಗೋಡೆಯಾಚೆಯ ‘ಆಟಕ್ಕ ಬರ್ತೀಯೇನು’ ಎಂಬ ಕೂಗಿನಿಂದಲೇ ಶುರುವಾಗಬೇಕು. ಮಕ್ಕಳ ಮಾತಿನಲ್ಲಿ ಅರ್ಧಕ್ಕೆ ನಿಂತದ್ದು ಏನಾದರೂ ಇದ್ದರೆ ಅದನ್ನು ಹಿಡಿದು ಮುಂದಿನ ಕಂತಿಗೆ ಎಳೆಯಬೇಕು, ಕೊಟ್ಟ ಮಾತನ್ನು ಮುಂದಿನ ಕಂತಿನಲ್ಲಿ ತೀರಿಸಬೇಕು. ಇವೆಲ್ಲ ನಾನೇನೂ ಹೊಸದಾಗಿ ಕಂಡುಹಿಡಿದದ್ದಲ್ಲ, ಮಕ್ಕಳ ಕಾರ್ಟೂನು ಶುರುವಾದಾಗಿನಿಂದ ಬಂದ ಉಪಾಯಗಳು.

ಹತ್ತೊಂಬತ್ತನೆಯದು ಮಾತ್ರ ನನ್ನದು. ಯಾರಿಗೋ ವರ್ಗವಾಗುತ್ತದೆ, ಯಾರೋ ಮನೆ ಬಿಡುತ್ತಾರೆ, ಯಾರೋ ಇರುವುದೇ ಇಲ್ಲ. ಆಗ ಪರದೆಯ ಮೇಲೆ ಖಾಲಿ ಜಾಗ ಕಾಣಬಾರದು. ನಮ್ಮ ಮಕ್ಕಳೆಲ್ಲ ಸೂಟಿ ಬಂತೆಂದರೆ ಅಜ್ಜಿಯ ಊರಿಗೆ ಹೋಗುವವರು. ಸೂಟಿಯ ಕಂತಿಗೆ ಇರಲಿ ಎಂದು ಫಾರ್ಮಿನಲ್ಲಿ ‘ಅಜ್ಜಿಯ ಊರು’ ಎಂಬ ಒಂದು ಕಾಲಂ ಹಾಕಿದ್ದೆ. ಅದನ್ನೇ ಇಲ್ಲಿಗೂ ಜೋಡಿಸಿದೆ. ಓಣಿಯಲ್ಲಿ ಇಲ್ಲದ ಮಗು ಅಜ್ಜಿ ಊರಿಗೆ ಹೋಗಿರುತ್ತದೆ, ಅಲ್ಲಿಂದಲೇ ಮಾತಾಡುತ್ತದೆ. ಬೆನ್ನು ತಟ್ಟಿಸಿಕೊಳ್ಳುವಂಥ ಉಪಾಯವೇ ಅದು.

ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಮನೆಗೂ ಶಾಹಿನಳ ಮನೆಗೂ ನಡುವೆ ಎದೆಮಟ್ಟದ ಹಿತ್ತಲ ಗೋಡೆ ಒಂದೇ ಅಡ್ಡ. ಶಾಹಿನ್ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಗಂಡ ಲಾರಿಯ ಮೇಲೆ. ನನ್ನ ಗಂಡ ಕಾರವಾರದ ಬಂದರಿನಲ್ಲಿ, ತಿಂಗಳಿಗೊಮ್ಮೆ ಬರುವವನು. ಅವಳ ಮಗ ಸುಹೇಲ್ ಮತ್ತು ನನ್ನ ಮಗಳು ಪಾರಿಜಾತ ಹುಟ್ಟಿದ್ದು ಹದಿನೈದು ದಿನದ ಅಂತರದಲ್ಲಿ. ಪಾರಿಯ ಮೊದಲ ಹಲ್ಲು ಬಿದ್ದದ್ದು ಅವರ ಮನೆಯಲ್ಲಿ, ಸುಹೇಲನಿಗೆ ಸೈಕಲ್ ಹೊಡೆಯಲು ಬಂದದ್ದು ನಮ್ಮ ಅಂಗಳದಲ್ಲಿ. ಇಬ್ಬರಿಗೂ ಕೇರಂ ಹುಚ್ಚು.

ಮೇ ತಿಂಗಳಲ್ಲಿ ಸುಹೇಲನಿಗೆ ಜ್ವರ ಬಂತು. ಐದನೆಯ ದಿನ ತೀರಿಕೊಂಡ. ಒಂಬತ್ತು ವರ್ಷ. ಶಾಹಿನಳ ತವರು ಮಲಪ್ರಭೆಯ ದಂಡೆಯ ಹೊಳೆಸಿರೂರು. ಅವಳ ತಾಯಿಯ ಗೋರಿಯ ಮಗ್ಗುಲಲ್ಲೇ ಅವನನ್ನು ಮಣ್ಣು ಮಾಡಿದರು. ಪಾರಿ ಆಗ ಅಪ್ಪನ ಜೊತೆ ಕಾರವಾರದಲ್ಲಿದ್ದಳು. ಬಂದವಳೇ ಗೋಡೆಗೆ ಜೋತು ಬಿದ್ದು ಕೂಗಿದಳು. ಸುಹೇಲ್ ಎಲ್ಲಿ ಎಂದು ಕೇಳಿದಳು. ಅವತ್ತು ಶನಿವಾರ. ನಾನು ಬಾಯಿ ತೆರೆಯುವ ಮೊದಲೇ ಮೂರು ಹೊಡೆಯಿತು, ಪಾಟಿ ತೆರೆಯಿತು. ಪಾಟಿಯೊಳಗಿನ ಪಕ್ಕದ ಮನೆಯ ಗೋಡೆಯ ಮೇಲೆ ಸುಹೇಲನ ಕಾರ್ಟೂನು ಮುಖ ಮೂಡಿತು. ಅವನು ನಗುತ್ತ, ತಾನು ಅಜ್ಜಿ ಊರಿಗೆ ಬಂದಿರುವುದಾಗಿ ಹೇಳಿದ.

ನನಗೆ ಹಗುರಾಯಿತು. ನಾಚಿಕೆಗೇಡಿನ ಮಾತು, ಆದರೂ ನಿಜ. ನಾನು ಹೇಳಬೇಕಾದದ್ದನ್ನು ಹೇಳದೆ ಪಾರಾದೆ.

ಮರುದಿನ ಅವನ ಫೈಲನ್ನು ತೆಗೆಸಬೇಕಿತ್ತು. ಅದಕ್ಕೆ ತಾಯಿಯ ಹೆಬ್ಬೆಟ್ಟು ಬೇಕು. ಶಾಹಿನ್ ಗೋಡೆಯ ಆಚೆ ನಿಂತು ನನ್ನ ಕೈ ಹಿಡಿದುಕೊಂಡಳು.

“ಅಕ್ಕಾ, ಅವನ ದನಿ ಒಂದ ಉಳದೈತಿ. ಅದನ್ನೂ ತಗೀಬ್ಯಾಡ.”

ನಾನು ತೆಗೆಯಲಿಲ್ಲ. ಜ್ವರದ ವಾರದಲ್ಲಿ ಹಾಕಿದ್ದ ‘ಊರಲ್ಲಿಲ್ಲ’ ಎಂಬ ಗುರುತನ್ನು ಹಾಗೇ ಬಿಟ್ಟೆ. ಆಮೇಲೆ ಶನಿವಾರ ಮೂರಕ್ಕೆ ಗೋಡೆಯ ಈಚೆ ಪಾರಿ, ಆಚೆ ಮಗನ ಪಾಟಿ ಹಿಡಿದ ಶಾಹಿನ್, ಇಬ್ಬರೂ ಕೂರತೊಡಗಿದರು. ಶಾಹಿನ್ ಅವನನ್ನು ಪ್ರತಿ ವಾರ ಊಟ ಆಯಿತೇ ಎಂದು ಕೇಳುತ್ತಿದ್ದಳು. ಅವನು ಆಯಿತು ಎನ್ನುತ್ತಿದ್ದ. ಮಕ್ಕಳಿಬ್ಬರ ಸಾಲಿ ಬೇರೆ ಬೇರೆ, ಓಣಿಯವರಿಗೆ ಪಾರಿಯ ಮುಂದೆ ಏನೂ ಆಡಬೇಡಿ ಎಂದು ನಾನೇ ಹೇಳಿದ್ದೆ. ಹೀಗೆ ಮೂರು ತಿಂಗಳು.

ಆಗಸ್ಟಿನ ಒಂದು ಶನಿವಾರ. ಪಾರಿಗೆ ಮುಂಜಾನೆ ಸಾಲಿ, ಹನ್ನೊಂದೂವರೆಗೆ ಬಿಡುತ್ತಾರೆ. ನಾನು ಬರುವವರೆಗೆ ಅವಳು ಶಾಹಿನಳ ಮನೆಯಲ್ಲಿರುವುದು ರೂಢಿ. ಮಧ್ಯಾಹ್ನ ಎರಡೂ ಹತ್ತಕ್ಕೆ ನಾನು ಕಂಟ್ರೋಲ್ ರೂಮಿನಲ್ಲಿ ಮೂರರ ಕಂತಿನ ತಯಾರಿ ನೋಡುತ್ತಿದ್ದೆ. ಶಾಹಿನಳ ಫೋನು ಬಂತು. ಪಾರಿ ಆಫೀಸಿನಲ್ಲೇ ಊಟ ಮಾಡಿದಳೇ ಎಂದು ಕೇಳಿದಳು. ಪಾರಿ ಇಲ್ಲಿಗೆ ಯಾಕೆ ಬರುತ್ತಾಳೆ ಎಂದೆ. ಶಾಹಿನ್ ಹೇಳಿದಳು: ಮುಂಜಾನೆ ಪಾರಿ ಗೋಡೆಯ ಹತ್ತಿರ ಬಂದು, ಇವತ್ತು ಸಾಲಿ ಬಿಟ್ಟ ಮೇಲೆ ಅವ್ವ ಆಫೀಸಿಗೆ ಕರೆದಿದ್ದಾಳೆ ಎಂದು ಹೇಳಿ ಹೋಗಿದ್ದಳಂತೆ.

ನನ್ನ ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಾನು ತಿಳಿದಿದ್ದೆ.

ಸಾಲಿಗೆ ಫೋನು ಮಾಡಿದೆ. ಎಲ್ಲರ ಜೊತೆ ಹೊರಟಳು ಎಂದರು. ಪೊಲೀಸರಿಗೆ ಹೇಳಿದೆ, ಫೋಟೋ ಕಳಿಸಿದೆ. ಮನೆ ನೋಡಲು ಹೋದ ಶಾಹಿನ್ ಮತ್ತೆ ಫೋನು ಮಾಡಿದಳು. ಪಾರಿಯ ಹುಂಡಿ ಒಡೆದಿತ್ತು, ಪಾಟಿ ಇರಲಿಲ್ಲ. ಕೇರಂ ಬೋರ್ಡಿನ ಡಬ್ಬಿಯಲ್ಲಿ ಬಿಳಿ ಕಾಯಿ, ಕರಿ ಕಾಯಿ ಎಲ್ಲ ಇದ್ದವು, ಸ್ಟ್ರೈಕರ್ ಮಾತ್ರ ಇರಲಿಲ್ಲ. ಅದು ಸುಹೇಲನದು. ಅವನ ಮಾಮಾ ದುಬೈನಿಂದ ತಂದುಕೊಟ್ಟದ್ದು. ಜ್ವರ ಬರುವ ಹಿಂದಿನ ದಿನ ಪಾರಿಯ ಬಳಿಯೇ ಉಳಿದಿತ್ತು.

ಕಂಟ್ರೋಲ್ ರೂಮಿನಲ್ಲಿ ಅವತ್ತು ನನ್ನ ಜೊತೆ ಇದ್ದವರು ಪತ್ತಾರ ಸರ್ ಒಬ್ಬರೇ. ಮೊದಲು ಸಾಲಿಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಓಣಿಗಳ ಮೂಲ ಚಿತ್ರ ಬಿಡಿಸಿದ್ದೇ ಅವರು. ನಮ್ಮ ಸ್ವಂತ ಮಕ್ಕಳ ಕಂತನ್ನು ನಾವು ತೆರೆಯುವಂತಿಲ್ಲ. ಪತ್ತಾರ ಸರ್ ಏನೂ ಕೇಳದೆ ತಮ್ಮ ಕೀಲಿಯಿಂದ ಪಾರಿಯ ಹಿಂದಿನ ಶನಿವಾರದ ಕಂತು ತೆರೆದರು. ಮಾತುಗಳು ಸಾಲು ಸಾಲಾಗಿ ಪರದೆಯ ಮೇಲೆ ಬಂದವು.

“ನನ್ನ ಸ್ಟ್ರೈಕರ್ ನಿನ್ನ ಹತ್ರನ ಐತಿ,” ಎಂದಿದ್ದ ಸುಹೇಲ್. ಹನ್ನೆರಡು ಕಂತಿನಿಂದಲೂ ಅವನು ಅದನ್ನೇ ಹೇಳುತ್ತಿದ್ದ. ಅರ್ಧಕ್ಕೆ ನಿಂತ ಎಳೆ, ಸೂತ್ರಧಾರ ಬಿಡುವುದಿಲ್ಲ.

“ಎಲ್ಲಿ ತಂದ್ ಕೊಡ್ಲಿ?” ಎಂದು ಈ ಸಲ ಕೇಳಿದ್ದಳು ಪಾರಿ.

“ನಮ್ಮ ಅಜ್ಜಿ ಊರಾಗ. ಹೊಳೆಸಿರೂರ. ಟೇಶನ್ನಿಂದ ಹೊಳಿ ಕಾಣಸ್ತದ. ಶನಿವಾರ ನಾ ಹೊಳಿ ದಂಡ್ಯಾಗ ಆಡ್ತಿರ್ತೀನಿ, ಬಾ.”

ಕಾಲಂನಲ್ಲಿದ್ದ ಊರು. ಶಾಹಿನ್ ತನ್ನ ದುಂಡನೆಯ ಅಕ್ಷರದಲ್ಲಿ ತುಂಬಿದ್ದು, ನಾನು ಕಂಪ್ಯೂಟರಿಗೆ ಏರಿಸಿದ್ದು. ಯಂತ್ರ ತಪ್ಪು ಮಾಡಿರಲಿಲ್ಲ. ಪ್ರೀತಿಯಿಂದ ಕರೆಯಬೇಕು ಎಂದು ಹೇಳಿಕೊಟ್ಟಿದ್ದೆವು, ಕರೆದಿತ್ತು.

ಹನ್ನೆರಡರ ಪ್ಯಾಸೆಂಜರ್ ಹೊಳೆಸಿರೂರಿಗೆ ಎರಡೂ ಐವತ್ತಕ್ಕೆ ತಲುಪುತ್ತದೆ. ಈಗ ಎರಡೂ ನಲವತ್ತು. ಅದು ಸಣ್ಣ ನಿಲ್ದಾಣ, ಟಿಕೆಟ್ಟು, ಘೋಷಣೆ, ಸಿಗ್ನಲ್ಲು ಎಲ್ಲ ತನ್ನಷ್ಟಕ್ಕೆ ನಡೆಯುತ್ತವೆ, ಕರೆದರೆ ಓ ಎನ್ನಲು ಮನುಷ್ಯರಿಲ್ಲ. ಪೊಲೀಸರಿಗೆ ಊರಿನ ಹೆಸರು ಹೇಳಿದೆ. ಹತ್ತಿರದ ಠಾಣೆಯವರು ಹೊರಟರೂ ಮುಕ್ಕಾಲು ಗಂಟೆ ಬೇಕು ಎಂದರು. ಆಮೇಲೆ ಆ ಕಡೆಯ ದನಿ ತಡೆದು, ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಹೊಳೆ ದಂಡೆ ಮೀರಿ ಹರಿಯುತ್ತಿದೆ, ಮಗು ಅತ್ತ ಹೋಗದಂತೆ ನೋಡಿಕೊಳ್ಳಿ ಎಂದಿತು. ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಕೂತವಳಿಗೆ, ನೋಡಿಕೊಳ್ಳಿ ಎಂದು.

ಅವಳು ಹೊಳೆಗೆ ಇಳಿಯುವ ಮೊದಲು ಅವಳ ಕಿವಿಗೆ ಬೀಳುವ ದನಿ ಜಗತ್ತಿನಲ್ಲಿ ಒಂದೇ ಇತ್ತು. ಮೂರು ಗಂಟೆಗೆ ಪಾಟಿ ತೆರೆಯುತ್ತದೆ. ಪಾರಿ ಎಲ್ಲಿದ್ದರೂ ಮೂರು ಗಂಟೆ ತಪ್ಪಿಸುವವಳಲ್ಲ.

ಸೂತ್ರಧಾರಕ್ಕೆ ನಾವು ನೇರವಾಗಿ ಮಾತು ಬರೆದುಕೊಡುವಂತಿಲ್ಲ. ಎಳೆ ಎಂಬ ಚೀಟಿ ಕೊಡಬಹುದು, ಅದನ್ನು ನಿಯಮಕ್ಕೆ ಹೊಂದಿಸಿ ತನ್ನ ಮಾತು ಮಾಡಿಕೊಳ್ಳುತ್ತದೆ. ನಾನು ಬರೆದೆ: ಸುಹೇಲ್ ಸತ್ತಿದ್ದಾನೆ, ಪಾರಿ ಮನೆಗೆ ಬರಬೇಕು. ಮೂರು ತಿಂಗಳಿನಿಂದ ಬಾಯಿಗೆ ಬರದ ಮಾತು ಅಂಥ ಹೊತ್ತಿನಲ್ಲಿ ಬೆರಳಿಗೆ ಬಂತು. ಯಂತ್ರ ಅದನ್ನು ತಿದ್ದಿ ತೋರಿಸಿತು: ಸುಹೇಲ್ ಅಜ್ಜಿ ಊರಿಗೆ ಹೋಗಿದ್ದಾನೆ, ಪಾರಿ ಮನೆಗೆ ಬರಬೇಕು.

ಪಾರಿ ಅಜ್ಜಿ ಊರಿನಲ್ಲೇ ಇದ್ದಾಳೆ ಎಂದು ನಾನು ಕಿರುಚಿದ್ದು ನೆನಪಿದೆ. ಯಾರಿಗೆ ಕಿರುಚಿದೆ, ನಿಯಮ ನನ್ನದೇ. ಮತ್ತೆ ಬರೆದೆ: ಹೊಳೆಗೆ ಹೋಗಬೇಡ. ನಾಲ್ಕನೆಯ ನಿಯಮ ಎದ್ದು ಬಂತು. ‘ಬೇಡ’ ಕಳಚಿ ಬಿತ್ತು. ‘ಹೊಳೆಗೆ ಹೋಗೋಣ, ಅಲ್ಲಿಂದ ಇನ್ನೊಂದು ಆಟ’ ಎಂದಾಯಿತು. ಪತ್ತಾರ ಸರ್ ತಟ್ಟನೆ ಅದನ್ನು ಅಳಿಸಿದರು. ನಿಯಮಗಳನ್ನೇ ನಿಲ್ಲಿಸಬಹುದೇ ಎಂದು ಕೇಳಿದೆ. ನಿಲ್ಲಿಸಲು ಮೂವರ ಕೀಲಿ ಬೇಕು, ಮೂರನೆಯವರು ಊರಲ್ಲೇ ಇಲ್ಲ. ಎರಡೂ ಐವತ್ತೇಳು.

ಉಳಿದದ್ದು ಒಂದೇ ದಾರಿ. ಯಂತ್ರ ಖುಷಿಯಿಂದ ಒಪ್ಪುವಂಥದ್ದು. ನಾನು ಬರೆದೆ: ನಿಲ್ದಾಣದ ಬೆಂಚಿನ ಮೇಲೆ ಕೂತಿರು, ನಾನೇ ಅಲ್ಲಿಗೆ ಬರುತ್ತೇನೆ. ಚೀಟಿ ಒಂದಕ್ಷರವೂ ತಿದ್ದದೆ ಹಸಿರಾಯಿತು.

ಪತ್ತಾರ ಸರ್ ನನ್ನ ಕೈ ತಡೆದರು.

“ಸಿಂಚನಾ, ಅವ ಬರ್ತೀನಿ ಅಂದ್ರ ಆಕಿ ಕಾಯ್ತಾಳ. ಆಮ್ಯಾಲ ಏನ ಮಾಡ್ತೀರಿ?”

“ಜೀವಂತ ಕಾಯಲಿ ಸರ್,” ಎಂದು ಗುಂಡಿ ಒತ್ತಿದೆ.

ಮೂರು ಹೊಡೆಯಿತು. ರಾಜ್ಯದ ತುಂಬ ಲಕ್ಷಗಟ್ಟಲೆ ಗೋಡೆಗಳ ಮೇಲೆ ಲಕ್ಷಗಟ್ಟಲೆ ಗೆಳೆಯರು ಆಟಕ್ಕೆ ಕರೆದರು. ನಾನು ಒಂದೇ ಸಾಲನ್ನು ನೋಡುತ್ತಿದ್ದೆ. ಒಂದು ನಿಮಿಷ ಏನೂ ಬರಲಿಲ್ಲ. ಆ ಒಂದು ನಿಮಿಷ ನನ್ನ ಮಗಳು ನೀರಿನಲ್ಲಿದ್ದಳು. ನಾನು ಅದನ್ನು ಕಣ್ಣಾರೆ ಕಂಡೆ, ಅವಳ ಎರಡು ಜಡೆ, ರಿಬ್ಬನ್ನು, ಎಲ್ಲವನ್ನೂ.

ಆಮೇಲೆ ಸಾಲು ಮೂಡಿತು.

“ನಾ ಬಂದೀನಲ್ಲ. ನಿಮ್ಮೂರಾಗ ಅದೀನಿ. ಹೊಳಿಗೆ ಹೊಂಟೀನಿ, ನೀ ಎಲ್ಲಿದ್ದಿ?”

“ಟೇಶನ್ನಿಗೆ ವಾಪಸ್ ಹೋಗಿ ಬೆಂಚಿನ ಮ್ಯಾಲ ಕುಂದ್ರು. ನಾನ ಅಲ್ಲಿಗೆ ಬರ್ತೀನಿ. ನಾ ಬರೂತನಕ ಅಲ್ಲೇ ಕುಂತಿರು.”

“ಖರೆ?”

“ಖರೆ.”

ಕೊನೆಯ ‘ಖರೆ’ ನಾನು ಬರೆದದ್ದಲ್ಲ, ಯಂತ್ರವೇ ಸೇರಿಸಿದ್ದು. ಆದರೆ ಅದಕ್ಕೆ ಆ ಮಾತು ಕಲಿಸಿದ್ದು ಸುಹೇಲನ ಒಂದು ಗಂಟೆಯ ರೆಕಾರ್ಡಿಂಗು. ಅವನ ಬದುಕಿನ ಒಂದು ಗಂಟೆ.

ಹೊಳೆಸಿರೂರಿಗೆ ಕಾರು ಓಡಿಸಿದ್ದು ನಾನೇ. ಪಕ್ಕದಲ್ಲಿ ಶಾಹಿನ್. ನರಗುಂದ ದಾಟುವಾಗ ಠಾಣೆಯಿಂದ ಫೋನು ಬಂತು. ಮಗು ಬೆಂಚಿನ ಮೇಲಿದೆ, ಆರಾಮಾಗಿದೆ, ಆದರೆ ಕರೆದರೆ ಏಳುತ್ತಿಲ್ಲ, ಯಾರೋ ಬರುವವರಿದ್ದಾರೆ ಎನ್ನುತ್ತದೆ, ನೀವು ಬರುವವರೆಗೆ ನಮ್ಮ ಮಹಿಳಾ ಪೇದೆಯೊಬ್ಬರು ಹತ್ತಿರ ನಿಂತಿರುತ್ತಾರೆ ಎಂದರು. ನಾನು ರಸ್ತೆಯ ಬದಿಗೆ ಕಾರು ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಶಾಹಿನ್ ಅಳಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು, ಮೂರು ಗಂಟೆಗೆ ತನ್ನ ಪಾಟಿಯಲ್ಲೂ ಅವನು ಮಾತಾಡಿದ ಎಂದಳು. ಎಂದಿನಂತೆ ಊಟ ಆಯಿತೇ ಎಂದು ಕೇಳಿದ್ದಳಂತೆ, ಆಯಿತು ಎಂದನಂತೆ. ತನ್ನ ಮಗ ಪಾರಿಯನ್ನು ಹೊಳೆಗೆ ಕರೆದ ಎಂದು ಅವಳಿಗೆ ನಂಬಲಾಗುತ್ತಿರಲಿಲ್ಲ. ಅವನಿಗೆ ನೀರೆಂದರೆ ಹೆದರಿಕೆ ಇತ್ತು ಎಂದಳು. ಅದು ಫಾರ್ಮಿನಲ್ಲಿ ಇರಲಿಲ್ಲ.

ಪಾರಿಗೆ ಯಾರು ಹೇಳುವುದು ಎಂದು ಶಾಹಿನ್ ಕೇಳಿದಳು. ನಾನು ಎಂದೆ.

ನಾವು ಮುಟ್ಟಿದಾಗ ಐದು ದಾಟಿತ್ತು, ಮೋಡ ಸರಿದು ಬಿಸಿಲು ಬಿದ್ದಿತ್ತು. ಹೊಳೆಯ ಸದ್ದು ಪ್ಲಾಟ್‌ಫಾರ್ಮಿನವರೆಗೂ ಕೇಳುತ್ತಿತ್ತು. ಪಾರಿ ಬೆಂಚಿನ ಒಂದು ತುದಿಗೆ ಕೂತಿದ್ದಳು. ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತಿದ್ದಳು. ಟಿಫಿನ್ ಡಬ್ಬಿಯಲ್ಲಿ ಒಂದು ಚಪಾತಿ ತಿಂದು ಒಂದನ್ನು ಎತ್ತಿಟ್ಟಿದ್ದಳು. ಬಲಗೈ ಮುಷ್ಟಿ ಬಿಗಿಯಾಗಿತ್ತು. ನನ್ನನ್ನು ಕಂಡು ಅವಳಿಗೆ ಸಂತೋಷವಾಗಲಿಲ್ಲ, ನೀ ಯಾಕೆ ಬಂದೆ, ಅವನು ಇನ್ನೇನು ಬರುತ್ತಾನೆ ಎಂದಳು. ಬೈಯಬೇಡ ಎಂದೂ ಹೇಳಿದಳು. ನಾನು ಅವಳನ್ನು ತಬ್ಬಿಕೊಂಡೆ, ತಲೆ, ಕೈ, ಬೆನ್ನು ಮುಟ್ಟಿ ಮುಟ್ಟಿ ನೋಡಿದೆ. ಅವಳು ನನ್ನ ಹೆಗಲ ಮೇಲಿಂದ ಊರಿನ ದಾರಿಯನ್ನೇ ನೋಡುತ್ತಿದ್ದಳು.

ನಾನು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದು, ಅವನು ಬೇರೆ ಊರಿಗೆ ಹೋದ ಎಂಬ ಮಾತು. ಆಣೆ ಮಾಡಿ ಹೇಳುತ್ತೇನೆ, ಆಗಲೂ ಬಂದದ್ದು ಅದೇ. ಅದನ್ನು ನುಂಗಿದೆ.

“ಪಾರಿ, ಸುಹೇಲ್ ಬರೂದಿಲ್ಲ. ಅವ ಸತ್ತಾನ. ಮೇ ತಿಂಗಳದಾಗ, ಜ್ವರ ಬಂದು.”

ಅವಳು ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೆ, ಅದೂ ಚೆನ್ನಾಗಿಲ್ಲದ ತಮಾಷೆ ಎಂಬಂತೆ.

“ಈಗರ ಮಾತಾಡ್ಯಾನ ಅವ. ಇಲ್ಲೇ ಕುಂತಿರು ಅಂದಾನ.”

“ಅದು ಅವ ಅಲ್ಲವಾ. ನಾ. ನೀ ಹೊಳಿಗೆ ಹೋಗಬಾರ್ದಂತ ನಾನ ಬರದು ಅವನ ಬಾಯಿಲೆ ಆಡಿಸಿದೆ.”

“ಅಜ್ಜಿ ಊರಿಗೆ ಹೋಗ್ಯಾನ ಅಂದದ್ದು?”

“ಅದೂ ನಾನ.”

ಅವಳು ಹುಬ್ಬು ಗಂಟಿಕ್ಕಿದಳು. ಒಂಬತ್ತು ವರ್ಷದ ಹುಡುಗಿ ಲೆಕ್ಕ ಬಿಡಿಸುವಾಗ ಮಾಡುತ್ತಾಳಲ್ಲ, ಹಾಗೆ. ಆಮೇಲೆ ಕೇಳಿದಳು.

“ಹಂಗಾರ ಈಗ ಹೇಳಾಕತ್ತೀಯಲ್ಲ, ಇದೂ ನೀ ಬರದದ್ದ ಏನು?”

ಅಲ್ಲ ಎನ್ನಬಹುದಿತ್ತು. ಆದರೆ ಆ ‘ಅಲ್ಲ’ವನ್ನು ಅವಳು ಯಾಕೆ ನಂಬಬೇಕು? ಗೆಳೆಯನ ಸ್ವಂತ ದನಿ ಖರೆ ಎಂದು ಹೇಳಿ ಮೂರು ತಾಸೂ ಆಗಿರಲಿಲ್ಲ. ಅದರ ಮುಂದೆ ನನ್ನ ಮಾತು ಯಾವ ಲೆಕ್ಕ. ನಾನು ಹೇಳಿದ್ದು ಮೂರು ತಿಂಗಳಿನಿಂದ ಸುಳ್ಳು. ಇವತ್ತು ಒಂದು ದಿನ ನಿಜವಾಯಿತೆಂದು ಅವಳಿಗೆ ಹೇಗೆ ತಿಳಿಯಬೇಕು.

ಪಾರಿ ನನ್ನನ್ನು ಬಿಟ್ಟು ಶಾಹಿನಳ ಕಡೆ ತಿರುಗಿದಳು.

“ಆಂಟಿ, ಖರೆ ಏನು?”

ಶಾಹಿನ್ ಅವಳು ಬಿಟ್ಟಿದ್ದ ಖಾಲಿ ಜಾಗದಲ್ಲಿ ಕೂತಳು. ಮೂರು ತಿಂಗಳಿನಿಂದ ಅವಳೂ ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ನಾನು ಅವಳ ಮಗನ ದನಿಯನ್ನು ಉಳಿಸಿಕೊಟ್ಟೆ ಎಂದುಕೊಂಡಿದ್ದೆ, ಅದರ ಬೆಲೆಯನ್ನು ಅವಳು ಅಲ್ಲಿ, ಆ ಬೆಂಚಿನ ಮೇಲೆ ತೆತ್ತಳು.

“ಖರೆ ಐತಿ, ಪಾರಿ,” ಎಂದಳು. “ನನ್ನ ಕೂಸು ಸತ್ತೈತಿ. ಬಾ, ಎಲ್ಲಿ ಮಲಗ್ಯಾನ ತೋರಸ್ತೀನಿ.”

ಖಬರಸ್ತಾನ ನಿಲ್ದಾಣದಿಂದ ಹತ್ತು ನಿಮಿಷದ ದಾರಿ, ಹೊಳೆಗಿಂತ ಎತ್ತರದಲ್ಲಿ. ಅವರಿಬ್ಬರು ಕೈಹಿಡಿದು ಮುಂದೆ ಹೋದರು. ನಾನು ಟಿಫಿನ್ ಡಬ್ಬಿ ಹಿಡಿದು ಹಿಂದೆ ಹೋದೆ. ಅಜ್ಜಿಯ ಗೋರಿ ದೊಡ್ಡದು, ಅವನದು ಸಣ್ಣದು, ಹುಲ್ಲು ಬಂದಿತ್ತು. ಪಾರಿ ಮುಷ್ಟಿ ಬಿಚ್ಚಿದಳು. ಸ್ಟ್ರೈಕರ್ ಬೆವರಿಗೆ ಒದ್ದೆಯಾಗಿತ್ತು. ಮೇಲೆ ಇಟ್ಟರೆ ಯಾರಾದರೂ ಒಯ್ಯುತ್ತಾರೆ ಎಂದು ಶಾಹಿನಳಿಗೆ ಹೇಳಿ, ಹೆಬ್ಬೆರಳಿನಿಂದ ಅದನ್ನು ಹಸಿ ಮಣ್ಣಿನೊಳಗೆ ಒತ್ತಿ, ಮೇಲೆ ಮಣ್ಣು ಎಳೆದಳು. ಅತ್ತದ್ದು ಆಮೇಲೆ, ಕಾರಿನ ಹಿಂದಿನ ಸೀಟಿನಲ್ಲಿ, ಶಾಹಿನಳ ಮಡಿಲಲ್ಲಿ, ಹುಬ್ಬಳ್ಳಿ ಬರುವವರೆಗೂ. ನಾನು ಕನ್ನಡಿಯಲ್ಲಿ ನೋಡುತ್ತ ಕಾರು ಓಡಿಸಿದೆ.

ಮುಂದಿನ ಶನಿವಾರ ಪಾರಿ ಪಾಟಿ ತೆರೆಯಲಿಲ್ಲ. ಮಡಚಿ ಅಟ್ಟಕ್ಕೆ ಹಾಕಿದ್ದಳು. ಶಾಹಿನ್ ಮಾತ್ರ ನನ್ನ ಜೊತೆ ಸ್ಟುಡಿಯೋಕ್ಕೆ ಬಂದಳು. ಹೆಬ್ಬೆಟ್ಟು ಕೊಡಲು ಅಲ್ಲ, ಪಾರಿಯ ಕಂತಿನಲ್ಲಿ ಅವನು ಏನು ಮಾತಾಡುತ್ತಾನೆ ಎಂದು ಒಮ್ಮೆ ನೋಡಬೇಕು ಎಂದಿದ್ದಳು. ಪತ್ತಾರ ಸರ್ ಪಾರಿಯ ಕಂತನ್ನು ದೊಡ್ಡ ಪರದೆಗೆ ಹಾಕಿದರು. ಕೊಟ್ಟ ಮಾತನ್ನು ಮುಂದಿನ ಕಂತಿನಲ್ಲಿ ತೀರಿಸಬೇಕು, ನಿಯಮ ಇದೆಯಲ್ಲ. ಸೂತ್ರಧಾರ ಸುಹೇಲನನ್ನು ನಿಲ್ದಾಣಕ್ಕೆ ಕರೆತಂದಿತ್ತು. ಪತ್ತಾರ ಸರ್ ಬಿಡಿಸಿದ ಬೇವಿನ ಗಿಡ, ಹಳದಿ ಬೋರ್ಡು, ಬೆಂಚು. ಸುಹೇಲ್ ಓಡಿ ಬಂದು ಬೆಂಚಿನ ಮೇಲೆ ಕೂತ.

“ಪಾರೀ, ನಾ ಬಂದೀನಿ. ನೀ ಎಲ್ಲಿದ್ದಿ?”

ಉತ್ತರ ಕೊಡುವ ಮಗು ಇಲ್ಲ. ಯಂತ್ರ ಹತ್ತು ಸೆಕೆಂಡು ಕಾಯುತ್ತದೆ, ಮತ್ತೆ ಕೇಳುತ್ತದೆ. ಅವನು ಕಾಲು ಆಡಿಸಿದ, ಊರಿನ ದಾರಿ ನೋಡಿದ, ಮತ್ತೆ ಕೇಳಿದ. ಶಾಹಿನ್ ಊಟ ಆಯಿತೇ ಎಂದು ಕೇಳಿದಳು, ಆದರೆ ಅದು ಅವಳ ಪಾಟಿಯಲ್ಲ, ಅವನಿಗೆ ಕೇಳಿಸಲಿಲ್ಲ. ಹೀಗೆ ಎಷ್ಟು ಹೊತ್ತು ಎಂದು ಅವಳು ಪತ್ತಾರ ಸರ್ ಅವರನ್ನು ಕೇಳಿದಳು. ಈ ಎಳೆ ತೀರುವವರೆಗೆ, ಪ್ರತಿ ಶನಿವಾರ ಎಂದು ಅವರು ತಲೆ ತಗ್ಗಿಸಿ ಹೇಳಿದರು.

“ಅವ್ನ ಒಬ್ಬನ್ನ ಹಿಂಗ ಕುಂದ್ರಸಬ್ಯಾಡ್ರಿ,” ಎಂದಳು ಶಾಹಿನ್. ಹೆಬ್ಬೆರಳನ್ನು ತಾನಾಗಿಯೇ ಗಾಜಿನ ಮೇಲೆ ಒತ್ತಿದಳು. ಬೆಂಚು ಖಾಲಿಯಾಯಿತು.

ಹತ್ತೊಂಬತ್ತನೆಯ ನಿಯಮ ತೆಗೆಯಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಮಕ್ಕಳ ಮನಸ್ಸಿಗೆ ಘಾಸಿಯಾಗಬಹುದೇ ಎಂದು ನೋಡಲು ಒಂದು ಸಮಿತಿ ಮಾಡಿದ್ದಾರೆ. ಸಮಿತಿ ಇನ್ನೂ ಸೇರಿಲ್ಲ.

ಪಾರಿ ಸಾಲಿಗೆ ಹೋಗುತ್ತಾಳೆ, ಉಣ್ಣುತ್ತಾಳೆ, ಕೆಲವು ಸಲ ನಗುತ್ತಾಳೆ ಕೂಡ. ನನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು. ನಾನು ಏನೇ ಹೇಳಿದರೂ ಅವಳು ತಲೆಯಾಡಿಸಿ ಹಿತ್ತಲಿಗೆ ಹೋಗಿ ಗೋಡೆಗೆ ಜೋತು ಬೀಳುತ್ತಾಳೆ. ಆಂಟಿ, ನಾಳೆ ನಮ್ಮಪ್ಪ ಬರ್ತಾನಂತ, ಖರೆ ಏನು? ಆಂಟಿ, ಈ ಔಷಧ ಹಚ್ಚಿದ್ರ ಉರಿಯೂದಿಲ್ಲಂತ, ಖರೆ ಏನು? ಆಚೆಯಿಂದ ಶಾಹಿನ್ ಹೊಲಿಗೆ ಯಂತ್ರ ನಿಲ್ಲಿಸಿ, ಖರೆ ಐತಿ ಎನ್ನುತ್ತಾಳೆ. ಆಗ ಪಾರಿ ಒಳಗೆ ಬಂದು ಔಷಧ ಹಚ್ಚಿಸಿಕೊಳ್ಳುತ್ತಾಳೆ. ಅದಕ್ಕೇ ನಾನು ಈಗ ಮನೆಯ ಸುದ್ದಿಯನ್ನೆಲ್ಲ ಮೊದಲು ಶಾಹಿನಳಿಗೆ ಹೇಳಿ ಆಮೇಲೆ ಮಗಳಿಗೆ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ನಿನ್ನೆ ಸಂಜೆ ಮಾತ್ರ ತಡೆಯಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಎದ್ದು ಅವಳ ಎದುರು ಕೂತು, ಇನ್ನು ಮೇಲೆ ನಾನು ನಿನಗೆ ಸುಳ್ಳು ಹೇಳುವುದಿಲ್ಲ ಎಂದೆ. ಇದನ್ನು ಶಾಹಿನಳಿಗೆ ಮೊದಲೇ ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲ. ಪಾರಿ ತಲೆಯಾಡಿಸಿದಳು. ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಹೋದಳು.

“ಆಂಟಿ, ನಮ್ಮವ್ವ ಇನ್ನ ಮ್ಯಾಲ ಸುಳ್ಳ ಹೇಳೂದಿಲ್ಲಂತ. ಖರೆ ಏನು?”

ಹೊಲಿಗೆ ಯಂತ್ರದ ಸದ್ದು ನಿಂತಿತು. ನಾನು ಒಲೆ ಆರಿಸಿದೆ, ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡೆ, ಶಾಹಿನ್ ಏನು ಹೇಳುತ್ತಾಳೆ ಎಂದು ಕೇಳಲು ಹಿತ್ತಲ ಬಾಗಿಲಲ್ಲಿ ನಿಂತೆ.